ಅಕ್ಕ ಕೇಳಿದ ಅಧ್ಯಾಯ

ನನ್ನ ಮುಂದೆ ಯಾರಾದರೂ ಚಪ್ಪಲಿ ಎಳೆದುಕೊಂಡು ನಡೆದರೆ ಈಗಲೂ ನನ್ನ ಕಣ್ಣು ಅವರ ಕಾಲಿಗೆ ಹೋಗುತ್ತದೆ. ಬಸ್ಸಿನಲ್ಲಿ ಯಾರಾದರೂ ನೀರು ಕುಡಿದು ಕೆಮ್ಮಿದರೆ ತಿರುಗಿ ಅವರ ಮುಖ ನೋಡುತ್ತೇನೆ. ಅಕ್ಕನೇ ಇದನ್ನು ಮರೆತಿದ್ದಾಳೆ, ನಾನು ಮರೆತಿಲ್ಲ. ಕಳೆದ ವಾರ ಅವಳು ಕೋಲು ಹಿಡಿದು ತೋಟದ ಬದುವಿನ ಮೇಲೆ ನಡೆಯುತ್ತಿದ್ದಳು. ಹಿಂದೆಯೇ ಹೋಗುತ್ತಿದ್ದ ನನಗೆ ತಿರುಗಿ ಬೈದಳು: "ನನ್ ಕಾಲ್ನೇ ನೋಡ್ಕೊಂಡ್ ಬತ್ತಿದ್ದೀಯಲ್ಲ, ನೀನೇ ಬಿದ್ದೀಯೆ ಕಣ್ಲಾ. ನೆಲ ನೋಡ್ಕೊಂಡ್ ನಡಿ."

ಅವಳಿಗೆ ಬಂದದ್ದನ್ನು ವೈದ್ಯರು ಜಿಬಿಎಸ್ ಎಂದರು, ನರಗಳ ಬಲ ಕುಂದಿಸುವ ಕಾಯಿಲೆ. ಅದೇನೆಂದು ವಿವರಿಸುವ ಪುಟಗಳು ಫೋನಿನಲ್ಲಿ ಬೇಕಾದಷ್ಟು ಸಿಗುತ್ತವೆ. ಐಸಿಯು ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಾನು ಅವನ್ನೆಲ್ಲ ಓದಿದೆ. ಕೈಕಾಲು ಹೇಗೆ ಬಿದ್ದುಹೋಗುತ್ತವೆ ಎಂದು ಅವು ಹೇಳಿದವು. ಹಾಗೆ ಬಿದ್ದವರ ಪಕ್ಕದಲ್ಲಿ ಕೂತವನು ಏನು ಮಾಡಬೇಕು ಎಂದು ಯಾವುದೂ ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕನ ಹೆಸರು ನಾಗರತ್ನ. ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಕಡೆಗೆ ಕೊಟ್ಟಿದ್ದೇವೆ. ಬಾವ ರೇಷ್ಮೆ ಬೆಳೆಯುತ್ತಾರೆ. ನಾನು ಮಾದೇಶ, ಮಾಗಡಿಯಲ್ಲಿ ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟ್ರು.

ಆ ಸಲ ಅಕ್ಕನಿಗೆ ಮೊದಲು ಬಂದದ್ದು ಜ್ವರ, ಭೇದಿ. ಅದು ವಾಸಿಯಾಗಿ ಸ್ವಲ್ಪ ದಿನಕ್ಕೆ ಅಂಗಾಲು ಜೋಮು ಹಿಡಿಯಿತಂತೆ, ಆಮೇಲೆ ಬೆರಳ ತುದಿ. ಅದೇ ಹೊತ್ತಿಗೆ ಮನೆಯಲ್ಲಿ ಹುಳು ಹಣ್ಣಾಗುತ್ತಿದ್ದವು. ರೇಷ್ಮೆ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು ಹಳದಿಗೆ ತಿರುಗಿ ಗೂಡು ಕಟ್ಟಲು ಸಿದ್ಧವಾದಾಗ, ಒಂದೊಂದನ್ನೂ ಕೈಯಿಂದ ಆರಿಸಿ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ನೂಲು ಹಾಳು. ಆ ದಿನಗಳಲ್ಲಿ ಹುಳುಮನೆಗೆ ಊದುಬತ್ತಿಯ ಹೊಗೆ ಸೋಕಬಾರದು, ಪೌಡರ್ ಹಾಕಿಕೊಂಡವರು ಬರಬಾರದು. ಆಸ್ಪತ್ರೆಗೆ ಹೋಗಿ ಬಂದವರನ್ನಂತೂ ಹೊಸಿಲು ದಾಟಲು ಬಿಡುವುದಿಲ್ಲ. ಔಷಧಿಯ ವಾಸನೆ ಹುಳುವಿಗೆ ಆಗದು ಎಂಬುದು ಅವರ ನಂಬಿಕೆ. ಆಸ್ಪತ್ರೆಗೆ ಹೋದರೆ ತಾನೂ ಹೊರಗೆ ಉಳಿಯಬೇಕಾಗುತ್ತದೆ, ಆರಿಸುವ ಕೈ ಒಂದು ಕಡಿಮೆಯಾಗುತ್ತದೆ ಎಂದು ಅಕ್ಕ ಲೆಕ್ಕ ಹಾಕಿದಳು. "ಹುಳ ಏರ್ಲಿ, ಆಮ್ಯಾಕ್ ತೋರಿಸ್ಕತೀನಿ," ಎಂದಳು. ಜೋಮು ಹಿಡಿದದ್ದು ಕುಕ್ಕರುಗಾಲಲ್ಲಿ ಕೂತು ಕೂತು ಎಂದು ಎಲ್ಲರೂ ನಂಬಿದರು. ಅವಳ ಅತ್ತೆ ಬಿಸಿನೀರು ಕಾಯಿಸಿ ಕಾಲಿಗೆ ಹುಯ್ದರು.

ನಾನು ಭಾನುವಾರ ಕೈ ಕೊಡಲೆಂದು ಹೋದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಎದ್ದು ಬರಲಿಲ್ಲ.

"ನಿಮ್ಮಕ್ಕ ಮಾರಾಣಿ ಆಗ್ಬುಟ್ಟವ್ಳೆ," ಎಂದು ಬಾವ ನಕ್ಕರು. "ಎದ್ದೇಳು ಅಂದ್ರೆ ಕೈ ಕೊಡಿ ಅಂತಾಳೆ."

ಅಕ್ಕನೂ ನಕ್ಕಳು. ಆದರೆ ನಗು ಮುಖದ ಒಂದೇ ಕಡೆ ಬಂತು. ಅತ್ತೆ ಮಜ್ಜಿಗೆ ತಂದು ಕೊಟ್ಟರು. ಲೋಟ ಹಿಡಿಯಲು ಅಕ್ಕ ಎರಡೂ ಕೈ ಬಳಸಿದಳು. ಒಂದು ಗುಟುಕು ಕುಡಿದಳು, ಮಜ್ಜಿಗೆ ಮೂಗಿನಿಂದ ಹೊರಗೆ ಬಂತು.

ಆ ಕ್ಷಣವನ್ನು ನಾನು ಇವತ್ತಿಗೂ ಮತ್ತೆ ಮತ್ತೆ ನೋಡುತ್ತೇನೆ. ಬಾವನ ಮುಖದಿಂದ ನಗು ಇಳಿದದ್ದು, ಅತ್ತೆ ಸೆರಗಿನಿಂದ ಅವಳ ಮೂತಿ ಒರೆಸಿದ್ದು, ಚಂದ್ರಿಕೆಯ ಮೇಲೆ ಹುಳುಗಳು ತಮ್ಮ ಪಾಡಿಗೆ ತಲೆಯಾಡಿಸುತ್ತಿದ್ದದ್ದು. ನಾನು ಆ ಭಾನುವಾರ ಹೋಗದಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೊಳ್ಳುತ್ತೇನೆ.

ಕನಕಪುರದ ಆಸ್ಪತ್ರೆಯಲ್ಲಿ ಒಬ್ಬ ಹುಡುಗಪ್ರಾಯದ ಡಾಕ್ಟರು ಅವಳ ಮೊಣಕಾಲನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದರು. ಕಾಲು ಅಲುಗಲಿಲ್ಲ. ಒಂದೇ ಉಸಿರಿನಲ್ಲಿ ಎಷ್ಟಾಗುತ್ತದೋ ಅಷ್ಟು ಎಣಿಸಿ ಎಂದರು. ಅಕ್ಕ ಶುರುಮಾಡಿ ನಡುವೆಯೇ ನಿಲ್ಲಿಸಿದಳು. ಡಾಕ್ಟರು ಆಂಬುಲೆನ್ಸ್ ಕರೆಸಿದರು. "ಬೆಂಗಳೂರಿಗೆ ಹೋಗಿ. ದಾರಿಯುದ್ದಕ್ಕೂ ಮಾತಾಡಿಸ್ತಾ ಇರಿ. ಮಾತು ತುಂಡಾದ್ರೆ, ಧ್ವನಿ ಇಳಿದ್ರೆ ಜೊತೆಗೆ ಬರೋ ನರ್ಸ್‌ಗೆ ತಕ್ಷಣ ಹೇಳಿ," ಎಂದರು.

ಏನು ಮಾತಾಡಿಸುವುದು? ಸೈರನ್ ಹೊಡೆದುಕೊಳ್ಳುತ್ತಿತ್ತು. ನನ್ನ ಬಾಯಿಗೆ ಬಂದದ್ದು ಕೋಟೆ ಪುಸ್ತಕ.

ಅದು ಅಕ್ಕನಿಗೆ ಶಾಲೆಯಲ್ಲಿ ಬಹುಮಾನವಾಗಿ ಬಂದಿದ್ದ ಐತಿಹಾಸಿಕ ಕಾದಂಬರಿ. ಒಲೆಗೆ ಗಾಳಿ ಬೀಸಲು ಅಜ್ಜಿ ಅದರ ರಟ್ಟು ಕಿತ್ತುಕೊಂಡಿದ್ದಳು. ರಟ್ಟಿನ ಜೊತೆ ಹೆಸರೂ ಹೋಗಿ, ನಮ್ಮ ಮನೆಯಲ್ಲಿ ಅದು ಕೋಟೆ ಪುಸ್ತಕವೇ ಆಯಿತು. ಒಬ್ಬ ಸಣ್ಣ ಪಾಳೇಗಾರ, ಅವನದೊಂದು ಬೆಟ್ಟದ ಕೋಟೆ, ಬುಡದಲ್ಲಿ ಸುತ್ತುವರಿದ ಶತ್ರು. ಸಿಂಗಪ್ಪ ಎಂಬ ಸವಾರ ಕುದುರೆ ಸಮೇತ ಬಂಡೆಯಿಂದ ಹಾರಿ, ದಂಡು ಸೀಳಿಕೊಂಡು ಹೋಗಿ ನೆರವು ತರುತ್ತಾನೆ. ಅವರೆಕಾಯಿ ಕಾಲದಲ್ಲಿ ಮನೆಯವರೆಲ್ಲ ಜಗಲಿಯಲ್ಲಿ ಕಾಯಿ ಸುಲಿಯುತ್ತಿದ್ದರೆ, ಅಕ್ಕ ಗಟ್ಟಿಯಾಗಿ ಓದುತ್ತಿದ್ದಳು. ಸಿಂಗಪ್ಪ ಹಾರುವಾಗ ನಾನು ಜಗಲಿಯಿಂದ ಹಾರುತ್ತಿದ್ದೆ.

"ಅಕ್ಕಾ, ಸಿಂಗಪ್ಪನ ಕುದುರೆ ಯಾವ ಬಣ್ಣ?"

"ಕಂದು. ಹಣೆ ಮ್ಯಾಲೆ ಬಿಳಿ ಮಚ್ಚೆ ಐತಲ್ಲ," ಎಂದಳು. ಧ್ವನಿ ಮೂಗಿನಿಂದ ಬರುತ್ತಿತ್ತು.

"ಅವನಿಗೆ ಕತ್ತಿ ಕೊಟ್ಟೋರು ಯಾರು?"

"ಅವ್ನ... ಸೋದರ್ಮಾವ."

ಹಾರೋಹಳ್ಳಿ ದಾಟಿದೆವು. "ಎಲ್ಲಿಂದ ಹಾರಿದ ಅಕ್ಕಾ?"

"ಬಂಡೆ," ಎಂದಳು. ಉಸಿರು ತೆಗೆದುಕೊಂಡು ಮತ್ತೇನನ್ನೋ ಹೇಳಲು ಹೊರಟಳು. ತುಟಿ ಅಲುಗಿತು, ಸದ್ದು ಬರಲಿಲ್ಲ. ನಾನು ನರ್ಸನ್ನು ಕೂಗಿದೆ.

ಆಮೇಲಿನದು ನನಗೆ ತುಣುಕು ತುಣುಕಾಗಿ ನೆನಪಿದೆ. ಓಡುವ ಸ್ಟ್ರೆಚರ್, ಮುಚ್ಚಿದ ಬಾಗಿಲು, ಬಾವ ಕಾಗದಗಳಿಗೆ ಸಹಿ ಹಾಕಿದ್ದು. ಉಸಿರಾಟದ ಮೆಷಿನ್ ಹಾಕಿದ್ದೇವೆ ಎಂದರು. ಕೆಲವು ದಿನಗಳಾದ ಮೇಲೆ ಗಂಟಲಿಗೇ ರಂಧ್ರ ಮಾಡಿ ಕೊಳವೆ ಇಟ್ಟರು. ಅಕ್ಕನ ಮೈಯಲ್ಲಿ ಅಲುಗುತ್ತಿದ್ದದ್ದು ಕಣ್ಣು ಮಾತ್ರ. "ಬುದ್ಧಿಗೆ ಏನೂ ಆಗಿಲ್ಲ. ಅವರಿಗೆ ಎಲ್ಲಾ ಕೇಳಿಸುತ್ತೆ, ಎಲ್ಲಾ ಗೊತ್ತಾಗುತ್ತೆ," ಎಂದರು ಡಾಕ್ಟರಮ್ಮ. ನಮಗೆ ಧೈರ್ಯ ತುಂಬಲು ಹೇಳಿದ ಮಾತದು. ನನಗೆ ಅದರಷ್ಟು ಭಯ ಹುಟ್ಟಿಸಿದ ಮಾತು ಬೇರೆಯಿಲ್ಲ.

ಮಾಗಡಿಯಿಂದ ಅವ್ವ ಬಂದಳು. ಮುನೇಶ್ವರನ ಗುಡಿಯ ದಾರ ತಂದಿದ್ದಳು. ಕೈಗೆ ಕಟ್ಟುವಂತಿಲ್ಲ ಎಂದು ನರ್ಸ್ ಅದನ್ನು ಮಂಚದ ಸರಳಿಗೆ ಕಟ್ಟಿದರು. ಅವ್ವ ಬಟ್ಟೆಯ ಗಂಟಿನಲ್ಲಿ ಇನ್ನೊಂದು ವಸ್ತು ತಂದಿದ್ದಳು: ಕೋಟೆ ಪುಸ್ತಕ. ಆಂಬುಲೆನ್ಸಿನಲ್ಲಿ ಏನು ಮಾತಾಡಿದಿರಿ ಎಂದು ಕೇಳಿದ್ದಕ್ಕೆ ನಾನು ಫೋನಿನಲ್ಲಿ ಹೇಳಿದ್ದೆ. "ಪೆಟ್ಟಿಗೇಲಿತ್ತು. ಓದು ಅವಳ್ಗೆ. ಆ ಮಿಷನ್ ಸದ್ದು ಕೇಳ್ಕಂಡೇ ಬಿದ್ದಿರ್ಬೇಕಾ ನನ್ ಮಗ್ಳು?" ಎಂದಳು.

ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಒಳಗೆ ಬಿಡುತ್ತಿದ್ದರು. ಏನು ಓದಬೇಕೆಂದು ನಾನು ಹೊರಗಿನ ಕಾಯುವ ಹಾಲ್‌ನಲ್ಲಿ ಮೊದಲೇ ಓದಿ ನೋಡಿಕೊಳ್ಳುತ್ತಿದ್ದೆ. ಹೈಸ್ಕೂಲು ಮುಗಿದ ಮೇಲೆ ನಾನು ಆ ಪುಸ್ತಕ ಮುಟ್ಟಿರಲಿಲ್ಲ. ಮತ್ತೆ ಓದುವಾಗ ಪುಟಪುಟಕ್ಕೂ ನನ್ನೊಳಗಿನ ಚರಿತ್ರೆಯ ಮೇಷ್ಟ್ರಿಗೆ ತಲೆನೋವು. ದಂಡಿನವರು ಆಡುವ ಮಾತು ನಾಟಕದ ಕಂಪನಿಯದು. ಮುತ್ತಿಗೆಯ ಮುನ್ನಾದಿನ ಕೋಟೆಯೊಳಗಿನವರು ಊಟಕ್ಕೆ ಕೂತಿದ್ದಾರೆ, ಎಲೆಯ ತುದಿಗೆ ಟೊಮೇಟೊ ಗೊಜ್ಜು! ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅಷ್ಟು ದಿನಗಳಲ್ಲಿ ಮೊದಲ ನಗು.

"ಏನ್ ಮೇಷ್ಟ್ರೇ, ಒಬ್ರೇ ನಕ್ಕೊಂಡ್ರೆ ನಮ್ಗೇನ್ ಬಂತು? ಜೋರಾಗ್ ಓದಿ," ಎಂದರು ಪಕ್ಕದ ಕುರ್ಚಿಯವರು. ಚನ್ನಪಟ್ಟಣದ ಪುಟ್ಟಸ್ವಾಮಣ್ಣ, ಬೊಂಬೆ ಕೆಲಸ ಮಾಡಿ ವಯಸ್ಸಾದವರು. ಅವರ ಹೆಂಡತಿ ಅಕ್ಕನ ಎದುರಿನ ಮಂಚದಲ್ಲಿದ್ದರು. ನಾನು ಓದಿ ತೋರಿಸಿ, ಆ ಕಾಲಕ್ಕೆ ನಮ್ಮ ಕಡೆ ಟೊಮೇಟೊ ಬಂದೇ ಇರಲಿಲ್ಲ ಎಂದು ವಿವರಿಸಿದೆ.

ಪುಟ್ಟಸ್ವಾಮಣ್ಣ ಯೋಚಿಸಿದರು. "ಇರ್ಲಿ ಬುಡಿ ಮೇಷ್ಟ್ರೇ. ಪಾಪ, ನಾಳೆಯಿಂದ ಉಪವಾಸ ಬೀಳೋ ಜನ. ತಿಂದ್ಕೊಳ್ಳಿ."

ಅವತ್ತಿನಿಂದ ನಾನು ಹಾಲ್‌ನಲ್ಲೂ ಗಟ್ಟಿಯಾಗಿ ಓದತೊಡಗಿದೆ. ಕುರ್ಚಿಗಳು ಹತ್ತಿರ ಸರಿದವು. ಒಳಗಿರುವವರ ಹೆಸರು ಹಿಡಿದು ಯಾವಾಗ ಕೂಗುತ್ತಾರೋ ಎಂದು ಬಾಗಿಲನ್ನೇ ನೋಡುತ್ತಿದ್ದವರು ಸ್ವಲ್ಪ ಹೊತ್ತು ಬೆಟ್ಟದ ಮೇಲಿರುತ್ತಿದ್ದರು.

ಆದರೆ ಅಕ್ಕನ ಹತ್ತಿರ ನಾನು ಓದುತ್ತಿದ್ದದ್ದು ಒಂದೇ ಭಾಗ: ಸಿಂಗಪ್ಪನ ಜಿಗಿತ. ಅದರಿಂದ ಧೈರ್ಯ ಬರುತ್ತದೆಂದು ನನ್ನ ಎಣಿಕೆ. "ಹಾರು ಮಗನೇ" ಎಂದು ಅವನು ಕುದುರೆಗೆ ಹೇಳುವಲ್ಲಿ ಧ್ವನಿ ಏರಿಸುತ್ತಿದ್ದೆ. ಅಕ್ಕನ ಕಣ್ಣಂಚಿನಿಂದ ನೀರು ಇಳಿಯುತ್ತಿತ್ತು. ಮನಸ್ಸು ಕರಗಿದೆ ಅಂದುಕೊಂಡು ಮರುದಿನ ಇನ್ನಷ್ಟು ಜೋರಾಗಿ ಓದಿದೆ.

ಎಷ್ಟೋ ದಿನಗಳಾದ ಮೇಲೆ, ಮಾತು ಬಂದಾಗ, ಅವಳು ಹೇಳಿದಳು: "ನೀನು ಅದನ್ನ ಓದ್ದಾಗೆಲ್ಲ ಕೋಪ ಬರೋದು ಕಣ್ಲಾ. ಎಲ್ರೂ ನಾನು ಎದ್ ಹಾರ್ಲಿ ಅಂತ ಕಾಯ್ತಾ ಕೂತವ್ರೆ ಅನ್ಸೋದು. ನಂಗೆ ಮೂಗು ಕೆರ್ಕೊಳ್ಳಕ್ಕೂ ಆಯ್ತಿರ್ನಿಲ್ಲ."

ಕಾಯಿಲೆಗೆಂದು ದಿನಾ ಕೊಡುತ್ತಿದ್ದ ಇಂಜೆಕ್ಷನ್ನುಗಳ ಸರದಿ ಮುಗಿದಿತ್ತು. ಎದೆಯ ಸ್ನಾಯುಗಳಿಗೆ ಶಕ್ತಿ ಮರಳುತ್ತಿದೆ ಎಂದು ಡಾಕ್ಟರಮ್ಮ ಹೇಳಿದರು. ಮೆಷಿನ್ ತೆಗೆದು ಸ್ವಂತ ಉಸಿರು ಅಭ್ಯಾಸ ಮಾಡಿಸಬೇಕು. ಆದರೆ ತೆಗೆದ ಕೂಡಲೇ ಅಕ್ಕನ ಕಣ್ಣು ಅಗಲವಾಗುತ್ತಿತ್ತು, ಎದೆಬಡಿತ ಏರುತ್ತಿತ್ತು, ಮತ್ತೆ ಹಾಕಬೇಕಾಗುತ್ತಿತ್ತು. ಮರುದಿನವೂ ಅದೇ. ಅದರ ಮರುದಿನವೂ. ನಡುವೆ ಒಮ್ಮೆ ಶ್ವಾಸಕೋಶಕ್ಕೆ ಸೋಂಕು ತಗುಲಿ ಜ್ವರ ಬಂದು ಹೋಯಿತು.

ಡಾಕ್ಟರಮ್ಮ ನಮ್ಮನ್ನು ಪಕ್ಕಕ್ಕೆ ಕರೆದರು. "ಅವರಿಂದ ಆಗುತ್ತೆ. ಆದರೆ ಆಗಲ್ಲ ಅಂತ ಅವರಿಗೆ ಭಯ. ಮೆಷಿನ್ ಮೇಲೆ ಇದ್ದಷ್ಟೂ ಇನ್ನೊಂದು ಸೋಂಕಿನ ಅಪಾಯ. ಎರಡನೇ ಸಲ ತಡೆದುಕೊಳ್ಳೋದು ಕಷ್ಟ."

ಬಾವ ಹೊರಗೆ ಬಂದು ಗೋಡೆಯ ಕಡೆ ಮುಖ ಮಾಡಿ ನಿಂತರು. "ಹುಳ ಏರ್ಲಿ ಅಂತ ಕಾದ್ವಲ್ಲೋ ಮಾದೇಶ," ಎಂದರು. ನಾನು ಅವರ ಬೆನ್ನ ಮೇಲೆ ಕೈ ಇಟ್ಟೆ.

ಅವತ್ತು ಸಂಜೆ ಬಾವನೂ ನಾನೂ ಒಳಗಿದ್ದೆವು. ನಾನು ಪುಸ್ತಕ ತೆರೆದ ಕೂಡಲೇ ಅಕ್ಕ ಕಣ್ಣು ಬಿಗಿಯಾಗಿ ಮುಚ್ಚಿದಳು. ಕಣ್ಣು ಮೇಲೆತ್ತಿದರೆ ಹೌದು, ಮುಚ್ಚಿದರೆ ಅಲ್ಲ ಎಂದು ನರ್ಸ್ ನಮಗೆ ಹೇಳಿಕೊಟ್ಟಿದ್ದರು.

"ಓದ್ಬೇಡ್ವಾ?"

ಕಣ್ಣು ಮೇಲೆತ್ತಲೂ ಇಲ್ಲ, ಮುಚ್ಚಲೂ ಇಲ್ಲ. ನನ್ನನ್ನೇ ದಿಟ್ಟಿಸಿದಳು.

"ಏನೋ ಹೇಳ್ಬೇಕಾ?"

ಕಣ್ಣು ಮೇಲಕ್ಕೆ ಹೋಯಿತು. ನಾನು ಒಂದನೇ ಕ್ಲಾಸಿನ ಮೇಷ್ಟ್ರಾದೆ. ಕ ಸಾಲಾ? ಚ ಸಾಲಾ? ಟ? ತ? ಪ ಸಾಲಿಗೆ ಕಣ್ಣು ಎತ್ತಿದಳು. ಪ, ಫ, ಬ, ಭ, ಮ. ಅಲ್ಲಿ ಕಣ್ಣು ಎತ್ತಿದಳು. ಮ, ಮಾ, ಮಿ, ಮೀ, ಮು. ಮತ್ತೆ ಎತ್ತಿದಳು. ಮುಂದಿನದು ದ.

"ಮುದ್ದೆ? ಮುದ್ದೆ ಬೇಕಾ ಅಕ್ಕಾ?"

ಅಕ್ಕನ ಕಣ್ಣಿನಲ್ಲಿ ಕಂಡದ್ದು ನನಗೆ ಚಿಕ್ಕಂದಿನಿಂದ ಗೊತ್ತಿರುವ ನೋಟ. ಬಾಯಿ ಇದ್ದಿದ್ದರೆ ಬೈದಿರುತ್ತಿದ್ದಳು.

"ಲೋ, ಅವಳ್ಗೆ ಪೈಪಲ್ಲಿ ಗಂಜಿ ಹೋಯ್ತಾ ಐತೆ, ಮುದ್ದೆ ಅಂತೀಯಲ್ಲ," ಎಂದರು ಬಾವ. "ಒಸಿ ಮುಂದುಕ್ ಹೋಗು."

ಮುಂದಿನ ಅಕ್ಷರ ವ. ಅಲ್ಲಿಗೆ ಅವಳು ದಣಿದು ಕಣ್ಣು ಮುಚ್ಚಿದಳು. ಮು, ದ, ವ: ಕೂಡಿಸಿದಾಗ ಮುದ್ದವ್ವ ಆಯಿತು.

ಹೊರಗೆ ಬಂದು ಅವ್ವನನ್ನು ಕೇಳಿದೆ. "ಮುದ್ದವ್ವನಾ? ನಮ್ಮೋರಲ್ಲಿ ಯಾರೂ ಇಲ್ವಲ್ಲ," ಎಂದಳು. ಬಾವನ ಕಡೆಯವರಲ್ಲೂ ಇರಲಿಲ್ಲ. ಯಾವುದೋ ದೇವರಿಗೆ ಹರಕೆಯಿರಬೇಕು ಎಂದು ಅವ್ವ ಆಗಲೇ ಊರ ಹೆಸರುಗಳನ್ನು ನೆನೆಯತೊಡಗಿದ್ದಳು. "ಆ ಕೋಟೇಲಿ ಯಾರಾದ್ರೂ ಇದ್ದಾರೇನೋ ನೋಡಿ ಮೇಷ್ಟ್ರೇ. ನೀವು ನಮ್ಗೂ ಪೂರ್ತಿ ಓದಿಲ್ಲ, ಹಾರ್‍ಸಿ ಹಾರ್‍ಸಿ ಓದ್ತೀರ," ಎಂದರು ಪುಟ್ಟಸ್ವಾಮಣ್ಣ.

ನಿಜ. ಸಿಂಗಪ್ಪ ಹಾರಿದ ಮೇಲೆ ನಾನು ನೇರವಾಗಿ ಅವನು ದಂಡು ತರುವ ಅಧ್ಯಾಯಕ್ಕೆ ಹೋಗುತ್ತಿದ್ದೆ. ನಡುವಿನದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅಕ್ಕ ಅಲ್ಲಿಗೆ ಬಂದರೆ ನಾನು "ಅದ್ ಬ್ಯಾಡ, ಕುದುರೇದು ಓದು" ಎಂದು ರಂಪ ಮಾಡುತ್ತಿದ್ದೆನಂತೆ. ಈಗ ಅಲ್ಲಿ ತೆರೆದೆ. ಉದ್ದನೆಯ ಅಧ್ಯಾಯ. ಯುದ್ಧವಿಲ್ಲ, ಕುದುರೆಯಿಲ್ಲ. ಕೋಟೆಯೊಳಗೆ ಉಳಿದವರ ಕಥೆ. ಬಂಡೆಯ ಹೊಂಡದಲ್ಲಿ ನಿಂತ ಮಳೆನೀರು ಒಂದೇ ಅವರಿಗೆ ಆಧಾರ. ಆ ದೊಣೆಯನ್ನು ಕಾಯುವ ಹೆಂಗಸು ಮುದ್ದವ್ವ. ತೆಂಗಿನ ಚಿಪ್ಪಿನಲ್ಲಿ ಅಳೆದು ಕೊಡುತ್ತಾಳೆ. ಪಾಳೇಗಾರನ ತಾಯಿಗೂ ಅದೇ ಚಿಪ್ಪು, ಕಸ ಗುಡಿಸುವವಳಿಗೂ ಅದೇ. ನೆರವು ಯಾವಾಗ ಬರುತ್ತದೆ ಎಂದು ಕೇಳಿದರೆ ಅವಳಿಗೆ ಗೊತ್ತಿಲ್ಲ. "ಇವತ್ತಿಗೆ ಇಷ್ಟು" ಎನ್ನುತ್ತಾಳೆ, ಅಷ್ಟೆ. ಮಕ್ಕಳು ಅಳುತ್ತವೆ. ಒಬ್ಬ ಕಾವಲಿನವನು ಕದಿಯಲು ಬರುತ್ತಾನೆ. ಅವನನ್ನು ಬೈದು, ಅವನ ಪಾಲಿನದನ್ನು ಅವನಿಗೆ ಕೊಟ್ಟು ಕಳಿಸುತ್ತಾಳೆ.

ಅದೇ ಲೇಖಕನ ಕೈ, ಆದರೆ ಇಲ್ಲಿ ನಾಟಕದ ಮಾತಿಲ್ಲ. ವಾಕ್ಯಗಳು ಬಂಡೆಯ ಮೇಲೆ ಬಿಸಿಲು ಸರಿಯುವ ಹಾಗೆ ನಿಧಾನ. ಸಿಂಗಪ್ಪ ದಂಡು ತಂದಾಗ ಬಾಗಿಲು ತೆರೆಯಲು ಒಳಗೆ ಜನ ಜೀವಂತವಾಗಿರಬೇಕಲ್ಲ ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ತರಗತಿಯಲ್ಲಿ ಮುತ್ತಿಗೆಗಳ ಪಾಠ ಮಾಡುವವನು ನಾನು.

ಚಿಕ್ಕಂದಿನಲ್ಲಿ ನಾವೆಲ್ಲ ಮಲಗಿದ ಮೇಲೆ ಅಕ್ಕ ಒಬ್ಬಳೇ ಆ ಅಧ್ಯಾಯ ಓದಿಕೊಳ್ಳುತ್ತಿದ್ದಳು ಎಂದು ಆಮೇಲೆ ತಿಳಿಯಿತು.

ಮರುದಿನ ಬೆಳಗ್ಗೆ ಡಾಕ್ಟರಮ್ಮನ ಹತ್ತಿರ ಹೋಗಿ, ಮೆಷಿನ್ ತೆಗೆಯುವ ಹೊತ್ತಿಗೆ ನಾನು ಪಕ್ಕದಲ್ಲಿ ಕೂತು ಓದಬಹುದೇ ಎಂದು ಕೇಳಿದೆ. ಅವರು ಪುಸ್ತಕ ನೋಡಿದರು, ನನ್ನನ್ನು ನೋಡಿದರು. "ಓದಿ. ಆದರೆ ಭುಜ ಎತ್ತಿ ಎತ್ತಿ ಉಸಿರಾಡೋಕೆ ಶುರು ಮಾಡಿದರೆ ನಿಲ್ಲಿಸಿ ಸಿಸ್ಟರ್‌ನ ಕರೀರಿ," ಎಂದರು.

ಮೊದಲ ದಿನ ಅರ್ಧ ಪುಟ. ಅಕ್ಕನ ಕಣ್ಣು ನನ್ನ ಬಾಯಿಯ ಮೇಲೇ ನೆಟ್ಟಿತ್ತು. ಬೆವರಿದಳು. ಮೆಷಿನ್ ಮತ್ತೆ ಹಾಕಿದರು. "ಇವತ್ತಿಗೆ ಇಷ್ಟು," ಎಂದೆ. ಅವಳು ಕಣ್ಣು ಮೇಲೆತ್ತಿದಳು. ಮುಂದೆ ಒಂದು ಪುಟ. ಒಂದು ದಿನ ಹಿಂದಕ್ಕೆ ಹೋಗಿ ಕೆಲವೇ ಸಾಲು. ಅವತ್ತು ನಾನು ಹೊರಗೆ ಬಂದು ಅತ್ತುಬಿಟ್ಟೆ. ಪುಟ್ಟಸ್ವಾಮಣ್ಣ ಕಾಫಿ ತಂದುಕೊಟ್ಟು, "ಹೊಂಡ ಇನ್ನೂ ಬತ್ತಿಲ್ಲ ತಾನೆ?" ಎಂದರು. ಆ ವಾರ ಅವರ ಹೆಂಡತಿಯನ್ನು ವಾರ್ಡಿಗೆ ಕಳಿಸಿದರು. ಆದರೂ ಅವರು ಓದಿನ ಹೊತ್ತಿಗೆ ಮೆಟ್ಟಿಲಿಳಿದು ಹಾಲ್‌ಗೆ ಬರುತ್ತಿದ್ದರು.

ಅಕ್ಕನಿಗೆ ಹೆಚ್ಚು ಹೆದರಿಕೆಯಿದ್ದದ್ದು ನಿದ್ದೆಗೆ. ಎಚ್ಚರವಿದ್ದಾಗ ತಾನೇ ಗಮನವಿಟ್ಟು ಉಸಿರೆಳೆಯಬಹುದು, ಕಣ್ಣು ಮುಚ್ಚಿದರೆ ಯಾರು ಎಳೆಯುತ್ತಾರೆ ಎಂಬ ಭಯ. ಅದಕ್ಕೇ ಮೆಷಿನ್ ಇಲ್ಲದ ಹೊತ್ತಿನಲ್ಲಿ ರೆಪ್ಪೆ ಮಿಟುಕಿಸಲೂ ಒಪ್ಪುತ್ತಿರಲಿಲ್ಲ. ನಿದ್ದೆಯಲ್ಲೂ ತಾನೇ ಉಸಿರಾಡಿದರೆ ಮಾತ್ರ ಮೆಷಿನ್ ಪೂರ್ತಿ ಬಿಡಿಸಬಹುದು ಎಂದು ಡಾಕ್ಟರಮ್ಮ ಹೇಳಿದ್ದರು.

ಒಂದು ಮಧ್ಯಾಹ್ನ ಕಿಟಕಿಯ ಪರದೆ ಸರಿಸಿದ್ದರು. ಮಂಚದ ಕಾಲ ಬುಡದಲ್ಲಿ ಬಿಸಿಲು ಬಿದ್ದಿತ್ತು. ಮೆಷಿನ್ ತೆಗೆದು ನರ್ಸ್ ಎದುರಿನ ಮಂಚಕ್ಕೆ ಹೋದರು. ನಾನು ಓದುತ್ತಾ ಹೋದೆ. ಮುದ್ದವ್ವ ಚಿಪ್ಪು ತೊಳೆಯುತ್ತಿದ್ದಳು, ದೊಣೆಯ ಅಂಚಿಗೆ ಒಂದು ಹಕ್ಕಿ ನೀರಿಗೆ ಬಂದಿತ್ತು, ಅದಕ್ಕೂ ಒಂದು ತೊಟ್ಟು ಬಿಡಬೇಕೋ ಬೇಡವೋ ಎಂದು ಅವಳು ಯೋಚಿಸುತ್ತಿದ್ದಳು. ಒಂದು ಪುಟ, ಇನ್ನೊಂದು. ಇಷ್ಟು ಹೊತ್ತಾದರೂ ಯಾರೂ ನನ್ನನ್ನು ತಡೆದಿಲ್ಲವಲ್ಲ ಎನಿಸಿ ತಲೆಯೆತ್ತಿದೆ.

ಅಕ್ಕನ ಕಣ್ಣು ಮುಚ್ಚಿತ್ತು.

ಆಂಬುಲೆನ್ಸಿನಲ್ಲಿ ಕೂಗಿದ ಹಾಗೆಯೇ ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ನರ್ಸ್ ನನ್ನ ಮುಖ ನೋಡಿ ಓಡಿ ಬಂದರು. ಮಾನಿಟರಿನ ಮೇಲಿನ ಅಂಕಿ ನೋಡಿದರು. ಬಗ್ಗಿ ಅಕ್ಕನ ಎದೆ ನೋಡಿದರು. ಭುಜ ಅಲುಗುತ್ತಿರಲಿಲ್ಲ. ಹೊಟ್ಟೆಯ ಮೇಲಿನ ಹೊದಿಕೆ ಏರುತ್ತಿತ್ತು, ಇಳಿಯುತ್ತಿತ್ತು.

"ಏನಾಗಿಲ್ಲ ಸರ್," ಎಂದರು ಅವರು ಪಿಸುಮಾತಿನಲ್ಲಿ. "ನಿದ್ದೆ ಮಾಡ್ತಿದ್ದಾರೆ."

ಎಬ್ಬಿಸಬೇಡಿ ಎಂದು ಕೈಸನ್ನೆ ಮಾಡಿ ಹೋದರು. ನನ್ನ ತೊಡೆಯ ಮೇಲೆ ಪುಸ್ತಕ ಹಾಗೇ ತೆರೆದುಕೊಂಡಿತ್ತು. ಹಳೆಯ ಕಾಗದ, ಪುಟ ತಿರುಗಿಸಿದರೂ ಸದ್ದಾದೀತು, ಮುಚ್ಚಿದರೂ ಸದ್ದಾದೀತು. ಎರಡೂ ಕೈಯಿಂದ ಅದನ್ನು ಅಲುಗದಂತೆ ಹಿಡಿದುಕೊಂಡು, ಹೊದಿಕೆಯನ್ನು ನೋಡುತ್ತಾ ಕೂತೆ.